ಅಂಕಿಯೂ ಅಭಯವೂ

ಪ್ರತಿವರ್ಷವೂ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಕಳೆದ ವರ್ಷಕ್ಕೆ ಹೋಲಿಸಿದರೆ ಜಿಲ್ಲೆಯಲ್ಲಿ ಅಪರಾಧಗಳು ಇಳಿಮುಖವಾಗಿವೆ ಎಂದೋ, ಏರುಮುಖವಾಗಿವೆ ಎಂದೋ ಅದು ತಿಳಿಸುತ್ತದೆ. ಇಳಿದಿದ್ದರೆ ಓದುಗನಿಗೆ ನೆಮ್ಮದಿ, ಏರಿದ್ದರೆ ಕಳವಳ. ಮರುದಿನ ಎರಡೂ ಮರೆತುಹೋಗುತ್ತವೆ. ಆ ಅಂಕಿ ಏನನ್ನು ಎಣಿಸಿತು, ಏನನ್ನು ಎಣಿಸದೆ ಬಿಟ್ಟಿತು, ಅದರ ಏರಿಳಿತಕ್ಕೂ ನಮ್ಮ ನಡತೆಗೂ ಏನು ಸಂಬಂಧ ಎಂದು ಕೇಳುವವರು ವಿರಳ. ಇದು ಪೊಲೀಸ್ ಇಲಾಖೆಗೂ ಸರಕಾರಕ್ಕೂ ಸೇರಿದ ವಿಷಯ, ಗೃಹಸ್ಥರಾದ ನಮಗೆ ಇದರಲ್ಲಿ ಕೆಲಸವೇನು ಎಂಬ ಭಾವನೆ ಸಾಮಾನ್ಯವಾಗಿದೆ.

ಆದರೆ ನಮ್ಮ ಪರಂಪರೆ ದಾನವನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ಬಗೆಯಾಗಿ ಹೇಳಿದೆ. ಮೊದಲ ಮೂರಕ್ಕೆ ನಮ್ಮಲ್ಲಿ ನಿಧಿಗಳಿವೆ, ಕಟ್ಟಡಗಳಿವೆ, ದಾನಿಗಳ ಹೆಸರು ಕೆತ್ತಿದ ಕಲ್ಲುಗಳಿವೆ. ನಾಲ್ಕನೆಯದಾದ ಅಭಯದಾನವನ್ನು ಮಾತ್ರ ಕಸಾಯಿಖಾನೆಯಿಂದ ಬಿಡಿಸಿ ತಂದ ಪಶುಗಳಿಗೂ ಪಂಜರದಿಂದ ಹಾರಿಬಿಟ್ಟ ಪಕ್ಷಿಗಳಿಗೂ ಸೀಮಿತಗೊಳಿಸಿ ತೃಪ್ತರಾಗಿದ್ದೇವೆ. ಅದು ಪುಣ್ಯಕಾರ್ಯವೇ ಸರಿ. ಆದರೆ ಮನುಷ್ಯನಿಗೂ ಭಯವಿದೆ. ನಮ್ಮದೇ ಬೀದಿಯ ಮುಂದಿನ ಮನೆಯೊಳಗೆ ಹಗಲಿರುಳೂ ಭಯದಲ್ಲಿ ಬದುಕುವ ಜೀವವಿರಬಹುದು. ಒಂದು ಜಿಲ್ಲೆ ಸುರಕ್ಷಿತವೆಂದರೆ ಏನರ್ಥ ಎಂಬ ಪ್ರಶ್ನೆಯನ್ನು ಈ ಅಭಯದಾನದ ಬೆಳಕಿನಲ್ಲಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ. ವಿಚಾರವು ಗಾಳಿಯಲ್ಲಿ ತೇಲಬಾರದೆಂದು ಮಂಡ್ಯ ಜಿಲ್ಲೆಯನ್ನು ಉದಾಹರಣೆಯಾಗಿ ತೆಗೆದುಕೊಂಡಿದೆ. ಅಲ್ಲಿ ನಡೆದದ್ದು ಬೇರೆಲ್ಲೂ ನಡೆಯುವುದಿಲ್ಲವೆಂದು ಭಾವಿಸಿ ಆರಿಸಿದ್ದಲ್ಲ. ನಾಡಿನ ಬಹುತೇಕ ಗ್ರಾಮೀಣ ಜಿಲ್ಲೆಗಳ ಮುಖ ಅದರಲ್ಲಿ ಕಾಣುತ್ತದೆ ಎಂಬುದೇ ಆಯ್ಕೆಗೆ ಕಾರಣ.

ಅಂಕಿ ಹುಟ್ಟುವ ಬಗೆ

ಅಪರಾಧದ ದರ ಎಂದರೆ ಒಂದು ಲಕ್ಷ ಜನಸಂಖ್ಯೆಗೆ ಒಂದು ವರ್ಷದಲ್ಲಿ ದಾಖಲಾದ ಪ್ರಕರಣಗಳ ಸಂಖ್ಯೆ. ಇಲ್ಲಿ ಗಮನಿಸಬೇಕಾದ ಪದ ‘ದಾಖಲಾದ’ ಎಂಬುದು. ಒಬ್ಬ ವ್ಯಕ್ತಿ ಠಾಣೆಯ ಮೆಟ್ಟಿಲು ಹತ್ತಿ ತನಗಾದ ಅನ್ಯಾಯವನ್ನು ಹೇಳಿ, ಅಲ್ಲಿನ ಅಧಿಕಾರಿ ಅದನ್ನು ಪ್ರಥಮ ವರ್ತಮಾನ ವರದಿಯಾಗಿ ಬರೆದುಕೊಂಡಾಗ ಮಾತ್ರ ಆ ಘಟನೆ ಅಂಕಿಯ ಲೋಕದಲ್ಲಿ ಜನ್ಮ ತಾಳುತ್ತದೆ. ಅಲ್ಲಿಯವರೆಗೆ ಅದು ನಡೆದದ್ದೇ ಇಲ್ಲ. ಹೀಗೆ ಠಾಣೆಗಳಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಹರಿದುಹೋದ ಸಂಖ್ಯೆಗಳನ್ನು 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಒಟ್ಟುಗೂಡಿಸಿ ಪ್ರಕಟಿಸುತ್ತದೆ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳು ಸೇರಿದ್ದರೆ ಅವುಗಳಲ್ಲಿ ಅತಿ ಘೋರವಾದ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಅಲ್ಲಿನ ಪದ್ಧತಿ. ಸುಲಿಗೆ ಮಾಡಿ ಕೊಂದರೆ ಅದು ಕೊಲೆಯ ಪಟ್ಟಿಗೆ ಸೇರುತ್ತದೆ, ಸುಲಿಗೆಯ ಪಟ್ಟಿಯಲ್ಲಿ ಕಾಣುವುದಿಲ್ಲ.

ಈ ಸಂಖ್ಯೆ ಹೇಗೆ ವರ್ತಿಸುತ್ತದೆಂಬುದಕ್ಕೆ ಒಂದು ನಿದರ್ಶನ ಸಾಕು. 2019ರಲ್ಲಿ ದೇಶದ ಅಪರಾಧ ದರ ಲಕ್ಷಕ್ಕೆ 385.5 ಇದ್ದದ್ದು 2020ರಲ್ಲಿ 487.8ಕ್ಕೆ ಏರಿತು. ಒಂದೇ ವರ್ಷದಲ್ಲಿ ಭಾರತೀಯರು ಅಷ್ಟು ಕೆಟ್ಟುಹೋದರೇ? ಇಲ್ಲ. ಅದು ಕೊರೊನಾದ ವರ್ಷ. ಸರಕಾರಿ ಅಧಿಕಾರಿಯ ಆದೇಶವನ್ನು ಉಲ್ಲಂಘಿಸಿದ ಪ್ರಕರಣಗಳೇ 29,469ರಿಂದ 6,12,179ಕ್ಕೆ ಜಿಗಿದಿದ್ದವು. ಮನೆಯಿಂದ ಹೊರಬಂದದ್ದು, ಗುಂಪು ಸೇರಿದ್ದು ಆ ವರ್ಷದ ಮಟ್ಟಿಗೆ ಅಪರಾಧವಾಗಿ ಅಂಕಿ ಉಬ್ಬಿತು. ಇನ್ನೊಂದು ನಿದರ್ಶನ ಕೇರಳದ್ದು. ಅಕ್ಷರದಲ್ಲಿಯೂ ಆರೋಗ್ಯದಲ್ಲಿಯೂ ಮುಂದಿರುವ ಆ ರಾಜ್ಯ ದಾಖಲಾದ ಅಪರಾಧಗಳ ದರದಲ್ಲಿ ಹಲವು ವರ್ಷ ದೇಶದ ಮೊದಲ ಸಾಲಿನಲ್ಲಿಯೇ ಕಂಡಿದೆ. ಅಲ್ಲಿನ ಜನ ದೂರು ಕೊಡಲು ಅಂಜುವುದು ಕಡಿಮೆ, ಠಾಣೆಗಳು ಬರೆದುಕೊಳ್ಳುವುದು ಹೆಚ್ಚು ಎಂಬುದು ಇದಕ್ಕೆ ಬಲ್ಲವರು ಕೊಡುವ ಮುಖ್ಯ ಕಾರಣ. ಹಾಗಾದರೆ ಅಂಕಿಯ ಏರಿಕೆ ಕೆಲವೊಮ್ಮೆ ಜನರ ಧೈರ್ಯದ ಗುರುತಾಗಿರಬಹುದು, ಇಳಿಕೆ ಅವರ ಮೌನದ ಗುರುತಾಗಿರಬಹುದು.

ಗ್ರಾಮೀಣ ಜಿಲ್ಲೆಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಮಂಡ್ಯ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 18 ಲಕ್ಷ. ನೂರರಲ್ಲಿ ಎಂಬತ್ತಕ್ಕಿಂತ ಹೆಚ್ಚು ಜನ ಹಳ್ಳಿಗಳಲ್ಲಿದ್ದಾರೆ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಪೇಟೆಯಲ್ಲಿ ಅಪರಿಚಿತನ ಮೇಲೆ ದೂರು ಕೊಡುವುದು ಸುಲಭ. ಹಳ್ಳಿಯಲ್ಲಿ ದೂರು ಕೊಡುವುದೆಂದರೆ ಗದ್ದೆಯ ಬದು ಹಂಚಿಕೊಂಡವನ ಮೇಲೆ, ಸಾಲ ಕೊಟ್ಟ ಧಣಿಯ ಮೇಲೆ, ದೊಡ್ಡಪ್ಪನ ಮಗನ ಮೇಲೆ ಕೊಡಬೇಕು. ನಾಳೆ ಅದೇ ನಾಲೆಯ ನೀರಿಗೆ ಅವನ ಹತ್ತಿರವೇ ಸರದಿ ಕೇಳಬೇಕು. ಆದುದರಿಂದ ಹಳ್ಳಿಯ ಅಂಕಿ ಸಹಜವಾಗಿಯೇ ತಗ್ಗಿರುತ್ತದೆ. ತಗ್ಗಿದ ಅಂಕಿಯಲ್ಲಿ ನಿಜವಾದ ಶಾಂತಿ ಎಷ್ಟು, ಬಾಯಿಕಟ್ಟಿದ ನೋವು ಎಷ್ಟು ಎಂಬುದನ್ನು ಅಂಕಿ ತಾನಾಗಿ ಹೇಳಲಾರದು.

ಆಲೆಮನೆಯ ಪಾಠ

ಮಂಡ್ಯವೆಂದರೆ ಕಬ್ಬು, ಕಬ್ಬೆಂದರೆ ಆಲೆಮನೆ. ಗಾಣದಲ್ಲಿ ರಸ ಹಿಂಡಿ, ಕೊಪ್ಪರಿಗೆಯಲ್ಲಿ ಕಾಯಿಸಿ, ಅಚ್ಚಿಗೆ ಸುರಿದು ಬೆಲ್ಲ ತೆಗೆಯುವ ಸ್ಥಳವದು. ದಾರಿಹೋಕರಿಗೂ ಮಕ್ಕಳಿಗೂ ಬಿಸಿ ಬೆಲ್ಲದ ತುಣುಕು ಸಿಗುವ ಜಾಗವೆಂದು ಅದರ ನೆನಪೇ ಸಿಹಿ. 2023ರ ಅಕ್ಟೋಬರ್–ನವೆಂಬರ್ ಅವಧಿಯಲ್ಲಿ ಇದೇ ಜಿಲ್ಲೆಯ ಒಂದು ಆಲೆಮನೆಯ ಹೆಸರು ಬೇರೊಂದು ಕಾರಣಕ್ಕೆ ನಾಡಿಗೆಲ್ಲ ತಿಳಿಯಿತು. ಬೆಂಗಳೂರಿನಲ್ಲಿ ಪೊಲೀಸರು ಅನುಮಾನದ ಮೇಲೆ ತಡೆದ ಒಂದು ವಾಹನದಿಂದ ಎಳೆ ಹಿಡಿದು ಹೊರಟ ತನಿಖೆ ಆ ಆಲೆಮನೆಯವರೆಗೆ ಬಂದು ನಿಂತಿತು. ಅಲ್ಲಿ ಸ್ಕ್ಯಾನಿಂಗ್ ಯಂತ್ರವಿರಿಸಿ ಗರ್ಭಿಣಿಯರ ಭ್ರೂಣದ ಲಿಂಗ ಪತ್ತೆಹಚ್ಚಲಾಗುತ್ತಿತ್ತು; ಹೆಣ್ಣೆಂದು ತಿಳಿದರೆ ಗರ್ಭಪಾತಕ್ಕೆ ಮೈಸೂರಿನತ್ತ ಕಳುಹಿಸಲಾಗುತ್ತಿತ್ತು ಎಂಬುದು ಹೊರಬಿತ್ತು. ವೈದ್ಯರೂ ಸೇರಿದಂತೆ ಹಲವರ ಬಂಧನವಾಯಿತು, ತನಿಖೆ ಸಿಐಡಿಗೆ ಹೋಯಿತು. ಮರುವರ್ಷ, 2024ರ ಮೇ ತಿಂಗಳಲ್ಲಿ, ಇದೇ ಜಿಲ್ಲೆಯ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲಿಯೇ ಇಂತಹ ಕೃತ್ಯ ನಡೆಯುತ್ತಿದ್ದುದು ಬೆಳಕಿಗೆ ಬಂತು. ಆರೋಪ ಹೊತ್ತವರ ವಿಷಯದಲ್ಲಿ ತೀರ್ಪು ಕೊಡಬೇಕಾದದ್ದು ನ್ಯಾಯಾಲಯ. ನಮಗೆ ಬೇಕಾದದ್ದು ಇದರಲ್ಲಿನ ನೈತಿಕ ಪ್ರಶ್ನೆ.

ಗರ್ಭದಲ್ಲಿ ಲಿಂಗ ಪತ್ತೆ ಮಾಡುವುದನ್ನು ನಿಷೇಧಿಸುವ ಕಾಯಿದೆ ಬಂದದ್ದು 1994ರಲ್ಲಿ. ಕಾಯಿದೆಗೆ ಮೂವತ್ತು ವರ್ಷ ತುಂಬುವ ಹೊತ್ತಿನಲ್ಲಿಯೂ ಇದು ನಡೆದಿದೆ ಎಂದರೆ ಆ ಅವಧಿಯುದ್ದಕ್ಕೂ ಈ ಅಪರಾಧದ ಅಂಕಿ ಏನೆಂದು ಬರೆಯಲ್ಪಟ್ಟಿತ್ತು? ಪೊಲೀಸರ ಹೇಳಿಕೆಯಂತೆ ನೂರಾರು ಭ್ರೂಣಗಳು ನಾಶವಾಗಿದ್ದವು, ಆದರೆ ಠಾಣೆಯ ಪುಸ್ತಕದಲ್ಲಿ ಅವುಗಳಿಗೆ ಒಂದು ಸಾಲೂ ಇರಲಿಲ್ಲ. ಇರುವುದಾದರೂ ಹೇಗೆ? ದೂರು ಕೊಡಬೇಕಾದವರು ಯಾರು? ಗಂಡ ಕೊಡನು, ಅತ್ತೆ ಕೊಡಳು, ಹಣ ಪಡೆದ ದಲ್ಲಾಳಿ ಕೊಡನು, ವಾಹನ ಓಡಿಸಿದವನು ಕೊಡನು, ಯಂತ್ರ ಹಿಡಿದವನು ಕೊಡನು. ಗರ್ಭಿಣಿಗೆ ಕೊಡುವ ಸ್ವಾತಂತ್ರ್ಯವಿಲ್ಲ. ಆಕೆಯನ್ನು ಗಂಡನೂ ಬಂಧುಗಳೂ ಬಲವಂತಪಡಿಸಿದ್ದಾರೆಂದೇ ಕಾನೂನು ಮೊದಲಿಗೆ ಭಾವಿಸಿಕೊಳ್ಳುತ್ತದೆ. ಹುಟ್ಟದೇ ಹೋದ ಜೀವಕ್ಕೆ ಬಾಯಿಯೇ ಇಲ್ಲ. ಎಲ್ಲರ ಒಪ್ಪಿಗೆಯಿಂದ ನಡೆಯುವ ಕೊಲೆಗೆ ಫಿರ್ಯಾದಿ ಇರುವುದಿಲ್ಲ.

ಇಲ್ಲಿ ನಮ್ಮ ಹಿರಿಯರ ಲೆಕ್ಕ ನೆನಪಿಗೆ ಬರುತ್ತದೆ. ಹಿಂಸೆಯನ್ನು ಅವರು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸಿದರು. ತಾನೇ ಮಾಡಿದ್ದು, ಮತ್ತೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು. ಇವನ್ನು ಮನ, ವಚನ, ಕಾಯಗಳಿಂದ ಗುಣಿಸಿ, ಕ್ರೋಧ, ಮಾನ, ಮಾಯೆ, ಲೋಭಗಳಿಂದ ಗುಣಿಸಿ, ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳಿಂದ ಮತ್ತೆ ಗುಣಿಸಿದರೆ 108 ಬಗೆಗಳಾಗುತ್ತವೆ. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಈ ಲೆಕ್ಕವನ್ನು ನೆನೆಯುವ ರೂಢಿಯುಂಟು. ಠಾಣೆಯ ಲೆಕ್ಕದಲ್ಲಿ ಒಂದು ಅಪರಾಧವಿದ್ದೆಡೆ ಶ್ರಾವಕನ ಲೆಕ್ಕದಲ್ಲಿ ನೂರೆಂಟು ದ್ವಾರಗಳಿವೆ. ಆಲೆಮನೆಯೊಳಗೆ ಯಂತ್ರ ಹಿಡಿದವನದು ಕೃತ. ಹಣ ಕಟ್ಟಿ ಸೊಸೆಯನ್ನು ಕರೆದೊಯ್ದ ಮನೆಯವರದು ಕಾರಿತ. ಹೊತ್ತಲ್ಲದ ಹೊತ್ತಿನಲ್ಲಿ ಕಬ್ಬಿನ ಗದ್ದೆಯ ನಡುವೆ ಗರ್ಭಿಣಿಯರನ್ನು ಹೊತ್ತ ವಾಹನಗಳು ಬಂದುಹೋಗುವುದನ್ನು ಕಂಡೂ ‘ನಮಗೇಕೆ’ ಎಂದು ಮುಖ ತಿರುಗಿಸಿದವರದ್ದು, ಮೂರನೆಯ ಹೆಣ್ಣು ಹುಟ್ಟಿದ ಮನೆಗೆ ಹೋಗಿ ಸಾಂತ್ವನ ಹೇಳಿಬಂದವರದ್ದು, ಮದುವೆಯ ಮಾತುಕತೆಯಲ್ಲಿ ಇಷ್ಟು ತೊಲ ಚಿನ್ನ ಎಂದು ನಿಗದಿಪಡಿಸಿದವರದ್ದು ಯಾವುದು? ಈ ಮೂರನೆಯ ವರ್ಗದಲ್ಲಿ ಮಂಡ್ಯದ ಹೊರಗಿನವರೂ ಇದ್ದಾರೆ, ನಮ್ಮಲ್ಲಿ ಕೆಲವರೂ ಇರಬಹುದು. ಸೂಕ್ಷ್ಮ ಜೀವಿಗೆ ಹಿಂಸೆಯಾದೀತೆಂದು ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಸೊಸೆಯ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂಬ ಪಿಸುಮಾತು ನಡೆದರೆ ಆ ಸೋಸುವಿಕೆಗೆ ಅರ್ಥ ಉಳಿಯುವುದಿಲ್ಲ.

ನಾಲೆಯ ದಂಡೆಯಲ್ಲಿ

ಅಪರಾಧವೆಂದು ಯಾರೂ ಕರೆಯದ, ಆದರೂ ಜನರ ಜೀವವನ್ನು ತೆಗೆದ ಸಂಗತಿಗಳೂ ಇವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಸತ್ತವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. ನಾಲೆಯ ದಂಡೆಗೆ ತಡೆಗೋಡೆ ಬೇಕೆಂಬ ಮಾತು ಅಂದು ಎಲ್ಲರ ಬಾಯಲ್ಲಿತ್ತು. 2023ರಲ್ಲಿಯೂ ಇದೇ ನಾಲೆಗೆ ಕಾರುಗಳು ಬಿದ್ದು ಜನ ಸತ್ತರು, ಅದೇ ಮಾತು ಮತ್ತೆ ಕೇಳಿಬಂತು. ಅದೇ ವರ್ಷದ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮೊದಲ ತಿಂಗಳುಗಳಲ್ಲಿ ಸಾವುಗಳು ಎಷ್ಟು ಹೆಚ್ಚಿದವೆಂದರೆ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಲ್ಲಿ ನಿಷೇಧಿಸಬೇಕಾಯಿತು. ವೇಗವನ್ನು ಹಿಡಿಯುವ ಕ್ಯಾಮೆರಾಗಳು ಬಂದವು, ಸಾವುಗಳು ತಗ್ಗಿದವು.

ಇದರಿಂದ ಎರಡು ವಿಚಾರಗಳು ಸ್ಪಷ್ಟವಾಗುತ್ತವೆ. ಕಟ್ಟದೆ ಉಳಿದ ಗೋಡೆಗೆ ಅಪರಾಧದ ಪಟ್ಟಿಯಲ್ಲಿ ಸ್ಥಾನವಿಲ್ಲ. ಚಾಲಕನ ಮೇಲೆ ಒಂದು ಪ್ರಕರಣ ದಾಖಲಾಗುತ್ತದೆ, ಅಂಕಿಯಲ್ಲಿ ಒಂದು ಸೇರುತ್ತದೆ, ಗೋಡೆಯ ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿರುತ್ತದೆ. ನಮ್ಮ ಪರಂಪರೆಯಲ್ಲಿ ಪ್ರಮಾದ, ಅಂದರೆ ಎಚ್ಚರಗೇಡಿತನ, ಹಿಂಸೆಯ ಮೂಲವೆಂದೇ ಎಣಿಸಲ್ಪಟ್ಟಿದೆ. ದ್ವೇಷವಿಲ್ಲದಿದ್ದರೂ ಅಜಾಗ್ರತೆ ಕೊಲ್ಲುತ್ತದೆ. ಎರಡನೆಯದಾಗಿ, ಸಾವುಗಳು ವಿಧಿಲಿಖಿತವೆಂದು ಕೈಕಟ್ಟಿ ಕೂರದೆ ಎಚ್ಚರಿಕೆ ವಹಿಸಿದರೆ ಅವು ತಗ್ಗುತ್ತವೆ ಎಂಬುದನ್ನು ಅದೇ ಹೆದ್ದಾರಿ ತೋರಿಸಿಕೊಟ್ಟಿದೆ. ದಾರಿಯಲ್ಲಿ ಕಂಡ ಇರುವೆಯನ್ನು ತುಳಿಯದಂತೆ ನಡೆಯುವ ಈರ್ಯಾಸಮಿತಿ ಮುನಿಗಳಿಗೆ ಹೇಳಿದ್ದು. ಅದರ ಒಂದಂಶವಾದರೂ ವಾಹನದ ಚಕ್ರ ಹಿಡಿದ ಗೃಹಸ್ಥನಲ್ಲಿರಬೇಡವೇ?

ರಾಜಿ, ಮರ್ಯಾದೆ ಮತ್ತು ಮೌನ

ಗ್ರಾಮೀಣ ಸುರಕ್ಷತೆಯ ಅತ್ಯಂತ ಕಠಿಣವಾದ ಭಾಗ ಮನೆಯೊಳಗಿನದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಸಲ ಗಂಡನಿಂದ ಹಿಂಸೆ ಅನುಭವಿಸಿದವರು. ದೇಶದ ಸರಾಸರಿ ನೂರಕ್ಕೆ 29. ಇದಕ್ಕಿಂತಲೂ ಗಾಬರಿಪಡಿಸುವ ಸಂಗತಿ ಬೇರೆ ಇದೆ. ದೇಶದಲ್ಲಿ ಹಿಂಸೆ ಅನುಭವಿಸಿದ ಸ್ತ್ರೀಯರಲ್ಲಿ ನೆರವು ಕೇಳಿದವರು ನೂರಕ್ಕೆ 14. ಯಾರಲ್ಲಿಯೂ ನೆರವು ಕೇಳದೆ, ಯಾರಿಗೂ ಹೇಳದೆ ಉಳಿದವರು ನೂರಕ್ಕೆ 77. ನೆರವು ಕೇಳಿದವರೂ ಹೆಚ್ಚಾಗಿ ತವರಿನವರನ್ನೋ ನೆರೆಯವರನ್ನೋ ಕೇಳಿದರಲ್ಲದೆ ಠಾಣೆಗೆ ಹೋದವರು ತೀರ ಕಡಿಮೆ. ಜಿಲ್ಲಾ ಪುಟದ ಆ ಇಳಿಮುಖದ ಅಂಕಿಯನ್ನು ಈ 77ರ ಪಕ್ಕದಲ್ಲಿಟ್ಟು ನೋಡಬೇಕು.

ಹೇಳದಿರುವುದಕ್ಕೆ ಕಾರಣ ಒಂದೇ ಪದದಲ್ಲಿದೆ: ಮರ್ಯಾದೆ. ಮನೆಯ ಮಾತು ಬೀದಿಗೆ ಬರಬಾರದು, ಸಮಾಜದ ಮಾತು ಠಾಣೆಗೆ ಹೋಗಬಾರದು. ಹಿರಿಯರು ಕುಳಿತು ಇತ್ಯರ್ಥ ಮಾಡಿದರೆ ಸಾಕು ಎಂಬ ನಂಬಿಕೆ ಬಲವಾಗಿದೆ. ಈ ನಂಬಿಕೆಯನ್ನು ಸಂಪೂರ್ಣ ತಿರಸ್ಕರಿಸಬೇಕಾಗಿಲ್ಲ. ಗದ್ದೆಯ ಬದು ಒಂದು ಮೊಳ ಸರಿದದ್ದು, ನಾಲೆಯ ನೀರಿನ ಸರದಿ ತಪ್ಪಿದ್ದು, ಹಸು ಬೆಳೆ ಮೇದದ್ದು, ಇಂತಹವು ಠಾಣೆಗೂ ನ್ಯಾಯಾಲಯಕ್ಕೂ ಹೋದರೆ ಎರಡೂ ಮನೆಗಳು ಹತ್ತು ವರ್ಷ ಸುಟ್ಟುಕೊಳ್ಳುತ್ತವೆ. ಅರಳಿಕಟ್ಟೆಯ ಮೇಲೆ ಕುಳಿತು ಸಮಾಧಾನ ಮಾಡಿಸಿದ ಹಿರಿಯರು ಪುಣ್ಯವಂತರು. ಕಾನೂನು ಕೂಡ ಕೆಲವು ಅಪರಾಧಗಳನ್ನು ಪಕ್ಷಗಾರರು ರಾಜಿ ಮಾಡಿಕೊಳ್ಳಬಹುದೆಂದೂ ಕೆಲವನ್ನು ಮಾಡಿಕೊಳ್ಳಲಾಗದೆಂದೂ ಬೇರ್ಪಡಿಸಿದೆ. ಈ ಭೇದದಲ್ಲಿ ವಿವೇಕವಿದೆ.

ಪ್ರಶ್ನೆ ಇರುವುದು ರಾಜಿಯ ಎರಡೂ ಕಡೆ ಕುಳಿತವರು ಸಮಾನರೇ ಎಂಬಲ್ಲಿ. ‘ಈ ರಾಜಿ ನನಗೆ ಬೇಡ’ ಎಂದು ಹೇಳಿ ಎದ್ದುಹೋಗುವ ಶಕ್ತಿ ಇಬ್ಬರಿಗೂ ಇದ್ದರೆ ಅದು ಸಮಾಧಾನ. ಒಬ್ಬರಿಗೆ ಮಾತ್ರ ಇದ್ದರೆ ಅದಕ್ಕೆ ಸಮಾಧಾನವೆಂಬ ಹೆಸರು ಸಲ್ಲದು. ಹೊಡೆತ ತಿಂದ ಸೊಸೆಯನ್ನು ಐವರು ಗಂಡಸರ ಮುಂದೆ ನಿಲ್ಲಿಸಿ ‘ಹೊಂದಿಕೊಂಡು ಹೋಗಮ್ಮ’ ಎನ್ನುವುದು, ಕೂಲಿಯವನ ಮಗಳಿಗೆ ಅನ್ಯಾಯವಾದಾಗ ಧಣಿಯ ಮನೆಯಿಂದ ಇಷ್ಟು ಹಣ ಕೊಡಿಸಿ ಬಾಯಿ ಮುಚ್ಚಿಸುವುದು, ಇವು ಅನುಮೋದನೆಯ ಸ್ಪಷ್ಟ ರೂಪಗಳು. ಮಕ್ಕಳ ವಿಷಯದಲ್ಲಂತೂ ಸಂದೇಹಕ್ಕೆ ಎಡೆಯೇ ಇಲ್ಲ. 2012ರ ಪೋಕ್ಸೊ ಕಾಯಿದೆಯಂತೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಅದನ್ನು ವರದಿ ಮಾಡಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಶಾಲೆ, ವಸತಿನಿಲಯ, ಪಾಠಶಾಲೆಗಳನ್ನು ನಡೆಸುವ ಟ್ರಸ್ಟುಗಳು ‘ಸಂಸ್ಥೆಯ ಹೆಸರು ಕೆಡುತ್ತದೆ’ ಎಂಬ ಕಾರಣವನ್ನು ಇಲ್ಲಿ ಹೇಳುವಂತಿಲ್ಲ. ಮುಚ್ಚಿಟ್ಟು ಉಳಿಸಿಕೊಂಡ ಹೆಸರು ಒಂದು ಮಗುವಿನ ಬಾಳಿನ ಬೆಲೆಗೆ ಕೊಂಡದ್ದು.

ವ್ಯಾಪಾರಿಗಳಾದ ನಮ್ಮವರು ಯೋಚಿಸಬೇಕಾದ ಇನ್ನೊಂದು ಬಗೆಯ ಮೌನವೂ ಉಂಟು. ಹೊಲದ ದಾರಿಯಲ್ಲಿ ಒಂಟಿಯಾಗಿ ನಡೆಯುವ ಹೆಂಗಸಿನ ಕೊರಳಿನ ಸರ ಕಿತ್ತವನು ಅದನ್ನು ತಾನು ತೊಡುವುದಿಲ್ಲ. ಅದು ಯಾವುದೋ ಒಂದು ತಕ್ಕಡಿಗೆ ಬರಲೇಬೇಕು. ಕದ್ದ ಮಾಲನ್ನು ಕೊಳ್ಳುವುದು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದೆಂದು ಶಾಸ್ತ್ರ ಹೇಳಿದೆ, ತೂಕದಲ್ಲಿ ಮೋಸ ಮತ್ತು ಕಲಬೆರಕೆಗಳನ್ನೂ ಅದೇ ಪಟ್ಟಿಯಲ್ಲಿಟ್ಟಿದೆ. ಕಳ್ಳನ ಹಿಂದೆ ಕೊಳ್ಳುವವನಿಲ್ಲದಿದ್ದರೆ ಕಳವಿಗೆ ಲಾಭವೆಲ್ಲಿಯದು? ಗಿರವಿ ಇಡಲು ಬಂದವನ ಗುರುತು ಕೇಳಿ ಪುಸ್ತಕದಲ್ಲಿ ಬರೆದಿಡುವ ಒಬ್ಬ ಪ್ರಾಮಾಣಿಕ ಸರಾಫ ಗಸ್ತಿನ ಪೊಲೀಸನಷ್ಟೇ ಊರನ್ನು ಕಾಯುತ್ತಾನೆ.

ಕ್ಷಮೆ ಯಾರದು?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಅಹಿಂಸೆಯನ್ನೂ ಕ್ಷಮೆಯನ್ನೂ ಪರಮಧರ್ಮವೆಂದು ನಂಬಿದವರು ಮತ್ತೊಬ್ಬನನ್ನು ಸೆರೆಮನೆಗೆ ಕಳುಹಿಸುವ ಕಾರ್ಯದಲ್ಲಿ ಭಾಗಿಯಾಗಬಹುದೇ? ದೂರು, ಸಾಕ್ಷ್ಯ, ಶಿಕ್ಷೆ ಇವೆಲ್ಲ ವೈರವನ್ನು ಬೆಳೆಸುವುದಿಲ್ಲವೇ? ಉತ್ತಮ ಕ್ಷಮೆಯಿಂದ ಆರಂಭವಾಗುವ ದಶಲಕ್ಷಣ ಪರ್ವವನ್ನು ವರ್ಷವರ್ಷವೂ ಆಚರಿಸುವವರಿಗೆ ಈ ಪ್ರಶ್ನೆ ಹಗುರವಾದುದಲ್ಲ.

ಉತ್ತರವನ್ನು ಎರಡು ದಿಕ್ಕಿನಿಂದ ಹುಡುಕಬೇಕು. ಕ್ಷಮಿಸುವ ಅಧಿಕಾರ ನೊಂದವರದು. ನನ್ನ ಜೇಬಿನಿಂದ ಕದ್ದವನನ್ನು ನಾನು ಕ್ಷಮಿಸಬಹುದು, ಅದು ನನ್ನ ತಪಸ್ಸು. ನೆರೆಮನೆಯ ವಿಧವೆಯಿಂದ ಕಸಿದವನನ್ನು ನಾನು ಕ್ಷಮಿಸಿದರೆ ಅದು ಅವಳ ಗಂಟಿನಿಂದ ನಾನು ಮಾಡಿದ ದಾನ. ಹಿರಿಯರ ಕಟ್ಟೆಯಲ್ಲಿ ನಡೆಯುವ ಅನೇಕ ‘ಕ್ಷಮೆ’ಗಳು ಈ ಬಗೆಯವು. ಎರಡನೆಯದಾಗಿ, ಗೃಹಸ್ಥನಿಗೆ ಶಾಸ್ತ್ರ ಮೊದಲು ನಿಷೇಧಿಸಿದ್ದು ಸಂಕಲ್ಪೀ ಹಿಂಸೆಯನ್ನು. ಆಕ್ರಮಣಕ್ಕೆ ಎದುರು ನಿಂತು ತನ್ನನ್ನೂ ಆಶ್ರಿತರನ್ನೂ ಕಾಯುವಾಗ ಒದಗುವ ವಿರೋಧೀ ಹಿಂಸೆಯನ್ನು ಬೇರೆಯಾಗಿಯೇ ಎಣಿಸಿದೆ. ದುರ್ಬಲರ ರಕ್ಷಣೆಗೆ ಕಾನೂನಿನ ಬಾಗಿಲು ತಟ್ಟುವುದು ಆ ವಿರೋಧದ ಅತ್ಯಂತ ಸೌಮ್ಯ ರೂಪ. ತಟ್ಟಿದ ಮೇಲೆ ಬಾಗಿಲು ತೆರೆಯಬೇಕಾದದ್ದು ರಾಜ್ಯದ ಹೊಣೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಪ್ರಥಮ ವರ್ತಮಾನ ವರದಿ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪಿತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯೂ ಮಾಹಿತಿ ಕೊಡಬಹುದು. ತಪ್ಪಿತಸ್ಥನ ಮೇಲೆ ದ್ವೇಷವಿಲ್ಲದೆ ಸತ್ಯವನ್ನು ಹೇಳಿ ಬರಲು ಸಾಧ್ಯ. ಸತ್ಯವ್ರತವೂ ಅಹಿಂಸಾವ್ರತವೂ ಅಲ್ಲಿ ಒಂದಕ್ಕೊಂದು ಎದುರಾಗುವುದಿಲ್ಲ.

ಬಸದಿಯ ಬಾಗಿಲು

ಸುರಕ್ಷತೆಯ ಮಾತು ಬಂದಾಗ ನಮ್ಮ ಟ್ರಸ್ಟುಗಳ ಸಭೆಗಳಲ್ಲಿ ಮೊದಲು ಚರ್ಚೆಯಾಗುವುದು ಮೂರ್ತಿಗಳ ರಕ್ಷಣೆ. 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದಾಗ ಸಮಾಜಕ್ಕೆ ಆದ ಆಘಾತ ಇನ್ನೂ ಮರೆತಿಲ್ಲ. ಜೈನ ಮನೆಗಳು ಹೆಚ್ಚಿರುವ, ಮಠವಿರುವ ಊರಿನಲ್ಲಿಯೇ ಹಾಗಾದ ಮೇಲೆ ಒಂಟಿ ಬಸದಿಗಳ ಗತಿಯೇನು? ಮಂಡ್ಯ ಜಿಲ್ಲೆಯನ್ನೇ ನೋಡಿ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯಿದೆ, ಊರಿಗೆ ಹೆಸರು ಕೊಟ್ಟ ಎತ್ತರದ ಕಂಬವಿದೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದಲ್ಲಿ ಪ್ರಾಚೀನ ಜೈನ ಅವಶೇಷಗಳಿವೆ. ಒಂದು ಕಾಲದಲ್ಲಿ ಶ್ರಾವಕರಿಂದ ತುಂಬಿದ್ದ ಇಂತಹ ಪ್ರದೇಶಗಳ ಅನೇಕ ಊರುಗಳಲ್ಲಿ ಇಂದು ಜೈನ ಮನೆಗಳು ಬೆರಳೆಣಿಕೆಯಷ್ಟು, ಕೆಲವೆಡೆ ಒಂದೂ ಇಲ್ಲ.

ಹಾಗಾದರೆ ಇಷ್ಟು ಶತಮಾನ ಆ ಕಲ್ಲುಗಳನ್ನು ಕಾದವರು ಯಾರು? ಸುತ್ತ ಗದ್ದೆ ಉಳುವ ರೈತರು, ದನ ಮೇಯಿಸುವ ಹುಡುಗರು, ಅಂಗಳದಲ್ಲಿ ರಾಗಿ ಒಣಗಿಸುವ ಹೆಂಗಸರು. ನಮ್ಮ ದೇವರು ಅವರ ದೇವರಲ್ಲದಿದ್ದರೂ ‘ನಮ್ಮೂರಿನ ಬಸ್ತಿ’ ಎಂಬ ಅಭಿಮಾನದಿಂದ ಅಪರಿಚಿತ ವಾಹನ ನಿಂತರೆ ಹೋಗಿ ವಿಚಾರಿಸುವವರು ಅವರೇ. ಕಬ್ಬಿಣದ ಬಾಗಿಲು, ಕ್ಯಾಮೆರಾ, ಎಚ್ಚರಿಕೆಯ ಗಂಟೆ ಎಲ್ಲವೂ ಬೇಕು. ಪ್ರತಿ ಮೂರ್ತಿಯ ಛಾಯಾಚಿತ್ರ, ಅಳತೆ, ಲಾಂಛನ, ಶಾಸನಗಳ ವಿವರವಿರುವ ದಾಖಲೆ ಪುಸ್ತಕ ಇನ್ನೂ ಹೆಚ್ಚು ಬೇಕು. ದಾಖಲೆಯಿಲ್ಲದ ಮೂರ್ತಿ ಕಳುವಾಗಿ ಸಿಕ್ಕಿದರೂ ಅದು ನಮ್ಮದೆಂದು ಸಾಧಿಸುವುದು ಕಷ್ಟ. 1972ರ ಪ್ರಾಚೀನ ವಸ್ತುಗಳ ಕಾಯಿದೆಯಡಿ ನೋಂದಣಿಗೆ ಒಳಪಡುವ ಮೂರ್ತಿಗಳನ್ನು ನೋಂದಾಯಿಸಿರುವುದು ಅಗತ್ಯ. ಆದರೆ ಕೊನೆಗೆ ರಾತ್ರಿ ಎರಡು ಗಂಟೆಗೆ ಎದ್ದು ಬರುವವನು ನೆರೆಯವನೇ.

ಇಲ್ಲಿಯೇ ನಮ್ಮ ಆತ್ಮಪರೀಕ್ಷೆಯ ಎಡೆಯಿದೆ. ನಮ್ಮ ಮೂರ್ತಿಯನ್ನು ನೆರೆಯವನು ಕಾಯಬೇಕೆಂದು ಬಯಸುವ ನಾವು ನೆರೆಯವನ ಮಗಳನ್ನು ಕಾಯಲು ಏನು ಮಾಡಿದ್ದೇವೆ? 2024ರ ಸೆಪ್ಟೆಂಬರ್‌ನಲ್ಲಿ ಗಣೇಶನ ಮೆರವಣಿಗೆಯ ಸಂದರ್ಭ ನಾಗಮಂಗಲ ಪಟ್ಟಣದಲ್ಲಿ ಗಲಭೆಯಾಗಿ ಅಂಗಡಿಗಳು ಸುಟ್ಟುಹೋದವು. ವರ್ಷದ ಪಟ್ಟಿಯಲ್ಲಿ ಅಂತಹ ರಾತ್ರಿಯ ಪ್ರಕರಣಗಳ ಸಂಖ್ಯೆ ಚಿಕ್ಕದು. ಸುಟ್ಟ ಅಂಗಡಿಯ ಮುಂದೆ ಬೆಳಿಗ್ಗೆ ನಿಂತವನ ಭಯಕ್ಕೆ ಸಂಖ್ಯೆಯಿಲ್ಲ. ಯಾರ ಪಕ್ಷಕ್ಕೂ ಸೇರದ ಅಲ್ಪಸಂಖ್ಯೆಯ ಶಾಂತ ಸಮುದಾಯ ಇಂತಹ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತರೆ ತಾನು ಸುರಕ್ಷಿತವೆಂದು ಭಾವಿಸಬಹುದು. ಎರಡೂ ಕಡೆಯವರು ನಂಬುವ ಕೆಲವರಾದರೂ ಮಧ್ಯೆ ನಿಲ್ಲಬೇಕಾದ ಹೊತ್ತು ಅದೇ.

ಅಭಯದಾನದ ಕಾರ್ಯ

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಬಸದಿಯ ಸೂಚನಾ ಫಲಕದಲ್ಲಿ ಪೂಜೆಯ ವೇಳೆಯ ಜೊತೆಗೆ ತುರ್ತು ನೆರವಿನ 112 ಮತ್ತು ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳನ್ನು ಬರೆಸಬಹುದು. ಕರ್ನಾಟಕದಲ್ಲಿ ಹಳ್ಳಿಹಳ್ಳಿಗೆ ಗಸ್ತಿನ ಪೊಲೀಸರನ್ನು ನಿಗದಿಪಡಿಸುವ ವ್ಯವಸ್ಥೆಯಿದೆ. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವೂ ಆರಂಭವಾಯಿತು. ನಮ್ಮ ಬಸದಿಗೆ, ಶಾಲೆಗೆ ನಿಗದಿಯಾದವರು ಯಾರೆಂದು ತಿಳಿದು ಅವರನ್ನು ವರ್ಷಕ್ಕೆರಡು ಬಾರಿಯಾದರೂ ಕರೆದು ಮಾತನಾಡಿಸಬೇಕು. ಶ್ರಾವಿಕಾ ಮಂಡಲದಲ್ಲಿ ನೊಂದ ಹೆಣ್ಣುಮಗಳ ಮಾತನ್ನು ಕೇಳಿ ಗುಟ್ಟು ಕಾಪಾಡುವ, ಅವಳು ಬಯಸಿದರೆ ಅವಳ ಜೊತೆ ಠಾಣೆಯವರೆಗೆ ನಡೆದುಹೋಗುವ ಇಬ್ಬರು ಹಿರಿಯ ಸ್ತ್ರೀಯರಿರಬೇಕು, ಅವರ ನೆರವು ಜೈನರಿಗಷ್ಟೇ ಮೀಸಲಾಗಬಾರದು. ವಿಚ್ಛೇದಿತ ಮಗಳನ್ನು, ಸಾಕ್ಷಿ ಹೇಳಿದ ಬಡವನನ್ನು ಸಮಾಜ ಮೂಲೆಗೊತ್ತದಂತೆ ಹಿರಿಯರು ಮೊದಲ ಪಂಕ್ತಿಯಲ್ಲಿ ಅವರ ಪಕ್ಕ ಕುಳಿತು ಊಟ ಮಾಡಬೇಕು. ನಾಲೆಯ ದಂಡೆಗೆ ಗೋಡೆಯಿಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು. ಹೆಣ್ಣು ಮಗು ಹುಟ್ಟಿದ ಮನೆಗೆ ಬಸದಿಯ ವತಿಯಿಂದ ಸಿಹಿ ಕಳುಹಿಸುವ ಪದ್ಧತಿಯನ್ನು ಆರಂಭಿಸಿದರೆ ಖರ್ಚು ಹೆಚ್ಚಿಲ್ಲ, ಊರಿಗೆಲ್ಲ ತಲುಪುವ ಮಾತು ಮಾತ್ರ ದೊಡ್ಡದು.

ಇವೆಲ್ಲ ನಡೆದರೆ ಮೊದಲ ಕೆಲವು ವರ್ಷ ಜಿಲ್ಲೆಯ ಅಂಕಿ ಏರಬಹುದು. ಇದುವರೆಗೆ ಬಾಯಿ ಕಟ್ಟಿದ್ದವರು ಮಾತನಾಡತೊಡಗಿದರೆ ಹಾಗೆಯೇ ಆಗುವುದು. ಆಗ ಪತ್ರಿಕೆ ‘ಅಪರಾಧ ಏರುಮುಖ’ ಎಂದು ಬರೆದೀತು. ಅದನ್ನು ಓದಿ ಗಾಬರಿಪಡದೆ, ಬರೆಯಲ್ಪಟ್ಟ ಪ್ರಕರಣಗಳಲ್ಲಿ ಎಷ್ಟು ಮಂದಿ ಬಡವರು, ಎಷ್ಟು ಮಂದಿ ಹೆಂಗಸರು ತಾವಾಗಿ ಬಂದು ದೂರಿತ್ತರು, ಎಷ್ಟಕ್ಕೆ ನ್ಯಾಯ ದೊರೆಯಿತು ಎಂದು ಕೇಳುವವರು ನಾವಾಗಬೇಕು. ಊರಿನ ಅತ್ಯಂತ ದುರ್ಬಲ ವ್ಯಕ್ತಿ ಅತ್ಯಂತ ಬಲಿಷ್ಠನ ವಿರುದ್ಧ ಸತ್ಯವನ್ನು ಹೇಳಿ, ಅಂದಿನ ರಾತ್ರಿ ತನ್ನ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಲು ಸಾಧ್ಯವಾದರೆ ಆ ಊರು ಸುರಕ್ಷಿತ. ಅಂತಹ ನಿದ್ರೆಯನ್ನು ಒಬ್ಬರಿಗಾದರೂ ದೊರಕಿಸಿಕೊಟ್ಟವನು ನಾಲ್ಕನೆಯ ದಾನವನ್ನು ಮಾಡಿದವನು. ಅವನ ಹೆಸರನ್ನು ಯಾವ ಕಲ್ಲಿನ ಮೇಲೆಯೂ ಕೆತ್ತಬೇಕಾಗಿಲ್ಲ.